ಕೆರೆಯ ಮೇಲೆ ತೇಲಿದ ಆಂಟೆನಾ: ಅತಿ ದುರ್ಬಲ ತರಂಗಗಳನ್ನು ಅಳೆಯುವುದು ಹ್ಯಾಂಗ?

ಹೋದ ತಿಂಗಳು ಒಂಬತ್ತನೇ ತರಗತಿಗೆ ನೀರಿನ ತಾಪ ಅಳೆಯುವ ಪ್ರಯೋಗ ಮಾಡಿಸುತ್ತಿದ್ದೆ. ಲ್ಯಾಬಿನಲ್ಲಿ ಇದ್ದದ್ದೇ ಎರಡು ಥರ್ಮಾಮೀಟರ್. ಎರಡನ್ನೂ ಒಂದೇ ಗ್ಲಾಸಿನ ನೀರಿನಲ್ಲಿ ಇಟ್ಟೆವು. ಒಂದು 29 ಡಿಗ್ರಿ ತೋರಿಸಿತು, ಇನ್ನೊಂದು 30.5. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು, "ಸರ್, ನೀರು ಒಂದೇ ಅದ. ಇವೆರಡರಾಗ ಯಾವುದು ಖರೇ ಹೇಳ್ತದ್ರಿ?"

ಗಂಟೆ ಹೊಡೆಯುವ ಹೊತ್ತಾಗಿತ್ತು. ಅವಸರದಲ್ಲಿ "ಎರಡರ ಸರಾಸರಿ ಬರ್ಕೊಳ್ರಿ" ಅಂದುಬಿಟ್ಟೆ. ಮನೆಗೆ ಹೋಗುವಾಗ ದಾರಿಯಲ್ಲಿ ಅದು ತಪ್ಪು ಅನ್ನಿಸಿತು. ಒಂದು ಥರ್ಮಾಮೀಟರ್ ಯಾವಾಗಲೂ ಒಂದೂವರೆ ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ, ಅದರಿಂದ ನೂರು ಸಲ ಓದಿ ಸರಾಸರಿ ತೆಗೆದರೂ ಆ ಒಂದೂವರೆ ಡಿಗ್ರಿ ಹೋಗುವುದಿಲ್ಲ. ಮೊದಲು ಉಪಕರಣವನ್ನೇ ಪರೀಕ್ಷೆ ಮಾಡಬೇಕಿತ್ತು. ಮರುದಿನ ಕರಗುತ್ತಿರುವ ಐಸಿನಲ್ಲಿ ಎರಡನ್ನೂ ಇಟ್ಟೆವು. ಒಂದು ಸೊನ್ನೆಗೆ ನಿಂತಿತು. ಇನ್ನೊಂದು ಒಂದೂವರೆಗೆ ನಿಂತಿತು. ಹುಡುಗಿಗೆ ಉತ್ತರ ಸಿಕ್ಕಿತು, ನನಗೂ.

ಈ ಪಾಠದ ವಿಷಯ ಆಕಾಶದಿಂದ ಬರುವ ಅತಿ ದುರ್ಬಲ ಮೈಕ್ರೋವೇವ್ ಮತ್ತು ರೇಡಿಯೋ ತರಂಗಗಳನ್ನು ಅಳೆಯುವುದು. ಕೇಳಲು ಬಹಳ ದೊಡ್ಡದು ಅನ್ನಿಸಬಹುದು. ಆದರೆ ಅಲ್ಲಿಯೂ ಇದೇ ಎರಡು ಥರ್ಮಾಮೀಟರ್‌ಗಳ ಜಗಳವೇ ನಡೆದಿದೆ. ಆ ಜಗಳ ನಮ್ಮ ಕರ್ನಾಟಕದ ಎರಡು ಕೆರೆಗಳ ತನಕ ಬಂದಿತ್ತು.

ಆಂಟೆನಾ ಕೂಡ ಒಂದು ಥರ್ಮಾಮೀಟರ್

ಬಿಸಿ ಇರುವ ಪ್ರತಿಯೊಂದು ವಸ್ತುವೂ ತರಂಗಗಳನ್ನು ಹೊರಸೂಸುತ್ತದೆ. ಕುಲುಮೆಯಲ್ಲಿ ಕಾದ ಕಬ್ಬಿಣ ಕೆಂಪಗೆ ಕಾಣುತ್ತದೆ. ನಿಮ್ಮ ಮೈ, ಗೋಡೆ, ಹೊಲದ ಮಣ್ಣು ಇವೂ ಸೂಸುತ್ತವೆ, ಆದರೆ ಕಣ್ಣಿಗೆ ಕಾಣದ ತರಂಗಗಳಲ್ಲಿ. ಅವುಗಳಲ್ಲಿ ಒಂದು ಸಣ್ಣ ಪಾಲು ಮೈಕ್ರೋವೇವ್ ಮತ್ತು ರೇಡಿಯೋ ತರಂಗ. ಅದಕ್ಕೇ ರೇಡಿಯೋ ವಿಜ್ಞಾನಿಗಳು ಆಂಟೆನಾಕ್ಕೆ ಬಂದ ಶಕ್ತಿಯನ್ನು ವ್ಯಾಟ್‌ನಲ್ಲಿ ಹೇಳುವ ಬದಲು "ಇಷ್ಟು ಕೆಲ್ವಿನ್" ಎಂದು ತಾಪದಲ್ಲೇ ಹೇಳುತ್ತಾರೆ.

ಎಷ್ಟು ದುರ್ಬಲ ಎಂದು ಲೆಕ್ಕ ಹಾಕೋಣ. ಸೂತ್ರ ಸುಲಭ: ಶಕ್ತಿ = ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪ × ಆವೃತ್ತಿ ಪಟ್ಟಿಯ ಅಗಲ. ಸ್ಥಿರಾಂಕ 1.38 × 10⁻²³. ತಾಪ 3 ಕೆಲ್ವಿನ್, ಪಟ್ಟಿಯ ಅಗಲ 1 ಮೆಗಾಹರ್ಟ್ಸ್ (10⁶ ಹರ್ಟ್ಸ್) ಇಟ್ಟುಕೊಳ್ಳಿ. ಗುಣಿಸಿದರೆ 4.14 × 10⁻¹⁷ ವ್ಯಾಟ್. ನಮ್ಮ ತಾಂಡಾಗಳಲ್ಲಿ, ದಿನ್ನೆ ಮರೆಯಲ್ಲಿ ಮೊಬೈಲಿಗೆ ಸಿಗ್ನಲ್ ಒಂದೇ ಕಡ್ಡಿ ತೋರಿಸುತ್ತದಲ್ಲ, ಅಲ್ಲಿ ಫೋನಿಗೆ ಬರುವುದು ಮೈನಸ್ 100 ಡಿಬಿಎಂ ಆಸುಪಾಸು, ಅಂದರೆ 10⁻¹³ ವ್ಯಾಟ್. ಆಕಾಶದ 3 ಕೆಲ್ವಿನ್ ಅದಕ್ಕಿಂತ ಸುಮಾರು ಎರಡೂವರೆ ಸಾವಿರ ಪಟ್ಟು ಕಡಿಮೆ. "ಕಾಲ್ ಹತ್ತವಲ್ದು" ಅಂತ ಬೈಯುವ ಸಿಗ್ನಲ್ಲೇ ಇದರ ಮುಂದೆ ಧ್ವನಿವರ್ಧಕ ಇದ್ದಂತೆ.

ಕಷ್ಟ ಇಷ್ಟೇ ಆಗಿದ್ದರೆ ವರ್ಧಕ ಹಚ್ಚಿ ದೊಡ್ಡದು ಮಾಡಿಕೊಳ್ಳಬಹುದಿತ್ತು. ಆದರೆ ವರ್ಧಕವೂ ಬಿಸಿ ವಸ್ತುವೇ. ತಂತಿ, ಆಂಟೆನಾ, ಕೆಳಗಿನ ನೆಲ, ಮೇಲಿನ ಗಾಳಿ ಎಲ್ಲವೂ ತಮ್ಮ ತಮ್ಮ ಗದ್ದಲ ಸೇರಿಸುತ್ತವೆ. ಸಂತೆಯಲ್ಲಿ ನಿಂತು ಪಿಸುಮಾತು ಕೇಳಬೇಕು, ಸಂತೆಯಲ್ಲಿ ಅರ್ಧ ಗದ್ದಲ ನಮ್ಮದೇ!

6.7 ರಲ್ಲಿ 2.3 ಕಳೆ, 0.9 ಕಳೆ

1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಲ್ ಪ್ರಯೋಗಾಲಯದ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಕಹಳೆಯ ಆಕಾರದ ಒಂದು ದೊಡ್ಡ ಆಂಟೆನಾ ಇಟ್ಟುಕೊಂಡು 4080 ಮೆಗಾಹರ್ಟ್ಸ್‌ನಲ್ಲಿ ಅಳೆಯುತ್ತಿದ್ದರು. ತರಂಗದ ಉದ್ದ 7.35 ಸೆಂಟಿಮೀಟರ್, ನಿಮ್ಮ ಕಿರುಬೆರಳಿಗಿಂತ ತುಸು ಉದ್ದ. ಇದು ಮೈಕ್ರೋವೇವ್.

ಇವರು ಮಾಡಿದ ಜಾಣತನ ಏನಂದರೆ, ಆಕಾಶವನ್ನು ಅಳೆಯುವುದಕ್ಕೆ ಮೊದಲು ನಮ್ಮ ಐಸಿನಂಥ ಒಂದು "ಗೊತ್ತಿರುವ ತಾಪ" ಇಟ್ಟುಕೊಂಡರು. ಅದು ದ್ರವ ಹೀಲಿಯಂನಲ್ಲಿ ತಣ್ಣಗೆ ಮಾಡಿದ ಒಂದು ಸಾಧನ, ಸುಮಾರು 4 ಕೆಲ್ವಿನ್. ಒಮ್ಮೆ ಆಕಾಶ, ಒಮ್ಮೆ ಹೀಲಿಯಂ, ಮತ್ತೆ ಆಕಾಶ, ಹೀಗೆ ಸ್ವಿಚ್ಚು ತಿರುಗಿಸುತ್ತ ಹೋಲಿಸಿದರು. ವರ್ಧಕದ ಗದ್ದಲ ಎರಡರಲ್ಲಿಯೂ ಒಂದೇ ಇರುತ್ತದೆ, ಕಳೆದಾಗ ಹೊರಟು ಹೋಗುತ್ತದೆ. ಈ ಸ್ವಿಚ್ಚಿನ ವಿಧಾನವನ್ನು 1946ರಲ್ಲಿ ಪ್ರಕಟಿಸಿದವನು ರಾಬರ್ಟ್ ಡಿಕ್. ಇವತ್ತಿಗೂ ಅದನ್ನು ಡಿಕ್ ಸ್ವಿಚ್ ಎಂದೇ ಕರೆಯುತ್ತಾರೆ. ಆಡಿನ ಮರಿ ತೂಕ ಮಾಡುವಾಗ ನಿಮ್ಮ ಕಾಕಾ ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಮರಿ ಇಳಿಸಿ ತಾವೊಬ್ಬರೇ ನಿಲ್ಲುತ್ತಾರಲ್ಲ, ಅದೇ ಲೆಕ್ಕ.

ಅವರಿಗೆ ನೆತ್ತಿಯ ಆಕಾಶದಿಂದ ಸಿಕ್ಕ ಒಟ್ಟು ತಾಪ 6.7 ಕೆಲ್ವಿನ್. ಅದರಲ್ಲಿ ಗಾಳಿಯ ಪಾಲು 2.3. ಆಂಟೆನಾದ ಗೋಡೆಗಳ ಪಾಲು ಮತ್ತು ಹಿಂದಿನಿಂದ ನುಸುಳುವ ನೆಲದ ಪಾಲು ಸೇರಿ 0.9. ಕಳೆಯಿರಿ: 3.5 ಕೆಲ್ವಿನ್ ಉಳಿಯಿತು. ಇದು ಎಲ್ಲಿಂದ ಬಂತು? ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿದರು, ಹಿಕ್ಕೆ ತೊಳೆದರು, ಕೀಲುಗಳಿಗೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಹೋಗಲಿಲ್ಲ. ಹಗಲು ರಾತ್ರಿ, ಬೇಸಿಗೆ ಚಳಿಗಾಲ, ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ.

ಅದು ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷವಾದಾಗಿನ ಬೆಳಕು. ಆಗ ಸುಮಾರು 3000 ಕೆಲ್ವಿನ್ ಬಿಸಿಯಿದ್ದದ್ದು, ವಿಶ್ವ ಹಿಗ್ಗಿದ ಹಾಗೆ ತರಂಗಗಳೂ ಹಿಗ್ಗಿ, ಇವತ್ತು ಮೈಕ್ರೋವೇವ್ ಆಗಿ ಎಲ್ಲ ಕಡೆಯಿಂದ ಬರುತ್ತಿದೆ. ನಂತರ 1989ರಲ್ಲಿ ಹಾರಿಸಿದ ಕೋಬೆ ಉಪಗ್ರಹದ ಅಳತೆಗಳಿಂದ ಅದು 2.725 ಕೆಲ್ವಿನ್ ಎಂದು ಖಚಿತವಾಯಿತು. ಪೆಂಜಿಯಾಸ್, ವಿಲ್ಸನ್ ಇಬ್ಬರಿಗೂ 1978ರಲ್ಲಿ ನೊಬೆಲ್ ಬಂತು. ನನಗೆ ಈ ಕಥೆಯಲ್ಲಿ ಪಾರಿವಾಳಕ್ಕಿಂತ ಆ 0.9 ಹೆಚ್ಚು ಇಷ್ಟ. ನಮ್ಮ ಉಪಕರಣದ ತಪ್ಪಿನ ಪಾಲು ಇಷ್ಟು ಎಂದು ಸಂಖ್ಯೆ ಬರೆದು ಹೇಳುವ ಧೈರ್ಯ ಇದ್ದುದರಿಂದಲೇ ಉಳಿದ 3.5 ಅನ್ನು ಜನ ನಂಬಿದರು.

ಅರ್ಧ ಕೆಲ್ವಿನ್‌ನ ತಗ್ಗು

ಈಗ ಇನ್ನೂ ಕಷ್ಟದ ಅಳತೆಗೆ ಬರೋಣ. ಆ ಮೈಕ್ರೋವೇವ್ ಬೆಳಕು ಹೊರಟ ಮೇಲೆ ಬಹಳ ಕಾಲ ನಕ್ಷತ್ರಗಳೇ ಇರಲಿಲ್ಲ, ಬರೀ ತಣ್ಣನೆಯ ಹೈಡ್ರೋಜನ್ ಅನಿಲ. ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ತರಂಗವನ್ನು, ಅಂದರೆ 1420 ಮೆಗಾಹರ್ಟ್ಸ್ ಅನ್ನು ಹೀರಬಲ್ಲದು. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಅವುಗಳ ಅತಿನೇರಳೆ ಬೆಳಕು ಬಿದ್ದು ಆ ತಣ್ಣನೆಯ ಅನಿಲ ಹಿನ್ನೆಲೆ ಬೆಳಕನ್ನು ಸ್ವಲ್ಪ ಹೀರಿರಬೇಕು ಎಂಬುದು ಸಿದ್ಧಾಂತ. ಹೀರಿದ ಜಾಗದಲ್ಲಿ ಒಂದು ತಗ್ಗು ಬೀಳುತ್ತದೆ. ಆ ತಗ್ಗನ್ನು ಇವತ್ತು ಕಂಡುಹಿಡಿದರೆ ಮೊದಲ ನಕ್ಷತ್ರಗಳು ಯಾವಾಗ ಹುಟ್ಟಿದವು ಎಂದು ಹೇಳಬಹುದು.

ವಿಶ್ವ ಹಿಗ್ಗಿರುವುದರಿಂದ ಆ 21 ಸೆಂಟಿಮೀಟರ್ ಇಂದು ಮೈಕ್ರೋವೇವ್ ಆಗಿ ಉಳಿದಿಲ್ಲ, ಮೀಟರ್‌ಗಟ್ಟಲೆ ಉದ್ದದ ರೇಡಿಯೋ ತರಂಗ ಆಗಿದೆ. 2018ರ ಮಾರ್ಚ್‌ನಲ್ಲಿ ಎಡ್ಜಸ್ ಎಂಬ ತಂಡ, ಆಸ್ಟ್ರೇಲಿಯಾದ ಪಶ್ಚಿಮದ ಮರುಭೂಮಿಯಲ್ಲಿ ಆಂಟೆನಾ ಇಟ್ಟವರು, ನಮಗೆ ತಗ್ಗು ಸಿಕ್ಕಿತು ಎಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ತಗ್ಗಿನ ನಡು 78 ಮೆಗಾಹರ್ಟ್ಸ್, ಅಗಲ 19 ಮೆಗಾಹರ್ಟ್ಸ್, ಆಳ 0.5 ಕೆಲ್ವಿನ್. 1420 ಅನ್ನು 78ರಿಂದ ಭಾಗಿಸಿ ನೋಡಿ, ವಿಶ್ವ ಅಂದಿನಿಂದ 18 ಪಟ್ಟು ಹಿಗ್ಗಿದೆ ಎಂದಾಯಿತು. ಅಂದರೆ ವಿಶ್ವ ಹುಟ್ಟಿ ಸುಮಾರು 18 ಕೋಟಿ ವರ್ಷಕ್ಕೇ ನಕ್ಷತ್ರಗಳು ಬೆಳಗುತ್ತಿದ್ದವು.

ಎಲ್ಲರಿಗೂ ಸಂತೋಷ. ಆದರೆ ಒಂದು ಪೇಚು. ಸಿದ್ಧಾಂತದ ಪ್ರಕಾರ ತಗ್ಗು ಎಷ್ಟೇ ಆಳ ಆದರೂ ಸುಮಾರು 0.2 ಕೆಲ್ವಿನ್ ದಾಟಬಾರದು. ಇದು ಎರಡು ಪಟ್ಟಿಗೂ ಹೆಚ್ಚು! ಹಾಗಾದರೆ ಅನಿಲ ನಾವು ತಿಳಿದದ್ದಕ್ಕಿಂತ ತಣ್ಣಗಿತ್ತೆ? ಅದನ್ನು ತಣ್ಣಗೆ ಮಾಡಿದ್ದು ಕಾಣದ ದ್ರವ್ಯವೇ, ಅಂದರೆ ಡಾರ್ಕ್ ಮ್ಯಾಟರ್? ಹೀಗೆ ಹೊಸ ಭೌತಶಾಸ್ತ್ರದ ಲೇಖನಗಳು ಸಾಲುಸಾಲಾಗಿ ಬಂದವು. ಇನ್ನು ಕೆಲವರು ಬೇರೆಯದೇ ಪ್ರಶ್ನೆ ಕೇಳಿದರು. ನಮ್ಮ ಹುಡುಗಿ ಕೇಳಿದ್ದೇ: ಥರ್ಮಾಮೀಟರ್ ಖರೇ ಹೇಳ್ತದೇನು?

ಯಾಕೆ ಈ ಅನುಮಾನ ಅಂದರೆ, 78 ಮೆಗಾಹರ್ಟ್ಸ್‌ನಲ್ಲಿ ನಮ್ಮ ಆಕಾಶಗಂಗೆಯೇ 1500 ಕೆಲ್ವಿನ್ ಆಸುಪಾಸು ಗದ್ದಲ ಮಾಡುತ್ತದೆ. ಅದರಲ್ಲಿ ಅರ್ಧ ಕೆಲ್ವಿನ್ ಅಂದರೆ 3000ಕ್ಕೆ ಒಂದು ಪಾಲು. 60 ಕಿಲೋ ತೂಕದ ಮನುಷ್ಯ ಜೇಬಿನಲ್ಲಿ 20 ಗ್ರಾಂ ಇಟ್ಟುಕೊಂಡಿದ್ದಾನೋ ಇಲ್ಲವೋ ಎಂದು ತೂಕದ ಯಂತ್ರ ನೋಡಿ ಹೇಳಿದ ಹಾಗೆ.

ನೆಲ ಮಾಡುವ ಮೋಸ

ಬಾವಿ ತೋಡುವಾಗ ನೀವು ನೋಡಿರುತ್ತೀರಿ. ಮೇಲೆ ಎರಿ ಮಣ್ಣು, ಕೆಳಗೆ ಮೊರಂ, ಅದರ ಕೆಳಗೆ ಬಂಡೆ. ಒಂದು ಹೊಲದಲ್ಲಿ ಎರಡು ಮಾರಿಗೆ ಸಿಗುವ ಬಂಡೆ ಪಕ್ಕದ ಹೊಲದಲ್ಲಿ ಐದು ಮಾರಿಗೂ ಸಿಗುವುದಿಲ್ಲ. ಮಳೆ ಬಿದ್ದ ಮೇಲೆ ಎಲ್ಲ ಮತ್ತೆ ಬೇರೆ. ರೇಡಿಯೋ ತರಂಗ ಮಣ್ಣಿನೊಳಗೆ ಇಳಿದು ಕೆಳಗಿನ ಪದರಕ್ಕೆ ಬಡಿದು ವಾಪಸು ಬರುತ್ತದೆ, ಮೇಲೆ ನೇರವಾಗಿ ಬಂದ ತರಂಗದ ಜೊತೆ ಸೇರುತ್ತದೆ. ಕೆಲವು ಆವೃತ್ತಿಗಳಲ್ಲಿ ಎರಡೂ ಕೂಡಿಕೊಂಡು ಹೆಚ್ಚಾಗುತ್ತವೆ, ಕೆಲವುಗಳಲ್ಲಿ ಒಂದನ್ನೊಂದು ಅಳಿಸಿ ಕಡಿಮೆಯಾಗುತ್ತವೆ. ಗ್ರಾಫ್ ಬರೆದರೆ ದಿನ್ನೆ, ತಗ್ಗು, ದಿನ್ನೆ, ತಗ್ಗು.

ಒಂದು ಲೆಕ್ಕ ಮಾಡಿ. ಮಣ್ಣಿನ ವಕ್ರೀಭವನ ಸೂಚ್ಯಂಕ ರೇಡಿಯೋ ತರಂಗಕ್ಕೆ 2 ಎಂದು ಇಟ್ಟುಕೊಳ್ಳಿ (ಒಣ ಮಣ್ಣಿಗೆ ಸರಿಸುಮಾರು ಅಷ್ಟೇ). 4 ಮೀಟರ್ ಆಳದಲ್ಲಿ ಬಂಡೆ ಇದೆ. ಹೋಗಿ ಬರುವ ದಾರಿ 8 ಮೀಟರ್, ಸೂಚ್ಯಂಕದಿಂದ ಗುಣಿಸಿದರೆ 16 ಮೀಟರ್. ಬೆಳಕಿನ ವೇಗವನ್ನು 16ರಿಂದ ಭಾಗಿಸಿ: 30 ಕೋಟಿ ÷ 16 = 1,87,50,000 ಹರ್ಟ್ಸ್. ಅಂದರೆ 18.75 ಮೆಗಾಹರ್ಟ್ಸ್‌ಗೆ ಒಂದು ತಗ್ಗು! ಎಡ್ಜಸ್ ತಂಡದ ತಗ್ಗಿನ ಅಗಲ ಎಷ್ಟಿತ್ತು, ಮೇಲೆ ನೋಡಿ. ಅವರ ಆಂಟೆನಾ ಕೆಳಗೆ ಇಂಥದೇ ಬಂಡೆ ಇತ್ತೆಂದು ನಾನು ಹೇಳುತ್ತಿಲ್ಲ. ಅವರು ನೆಲದ ಮೇಲೆ ಲೋಹದ ದೊಡ್ಡ ಜಾಲರಿ ಹಾಸಿದ್ದರು, ಎರಡು ಉಪಕರಣ ಇಟ್ಟು, ಆಂಟೆನಾದ ದಿಕ್ಕು ತಿರುಗಿಸಿ ಪರೀಕ್ಷೆಯನ್ನೂ ಮಾಡಿದ್ದರು. ಆದರೆ ನೆಲ ಎಂಥ ತಗ್ಗನ್ನು ಹುಟ್ಟಿಸಬಲ್ಲದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಇನ್ನೂ ಹೆಚ್ಚು ಹೊತ್ತು ಅಳೆದರೆ ಸಾಲದೇ? ಇಲ್ಲ. ಇಲ್ಲಿ ಎರಡು ಥರದ ದೋಷ ಇವೆ, ಬೇರೆ ಬೇರೆ ಮಾಡಿ ನೋಡಬೇಕು. ಗದ್ದಲದಿಂದ ಆಗುವ ಏರಿಳಿತ ಒಂದು. ಅದು ಸರಾಸರಿಗೆ ಬಗ್ಗುತ್ತದೆ. ಅದರ ಸೂತ್ರ: ಏರಿಳಿತ = ಒಟ್ಟು ತಾಪ ÷ √(ಪಟ್ಟಿಯ ಅಗಲ × ಸಮಯ). 1500 ಕೆಲ್ವಿನ್, 1 ಮೆಗಾಹರ್ಟ್ಸ್, 1 ಸೆಕೆಂಡು ಇಟ್ಟರೆ 1500 ÷ 1000 = 1.5 ಕೆಲ್ವಿನ್. ಅರ್ಧ ಕೆಲ್ವಿನ್ ಇದರಲ್ಲಿ ಕಾಣುವುದೇ ಇಲ್ಲ. 10,000 ಸೆಕೆಂಡು ಕಾಯಿರಿ, ಅಂದರೆ ಮೂರು ತಾಸಿಗೂ ಕಡಿಮೆ. ವರ್ಗಮೂಲ 100 ಪಟ್ಟು ಹೆಚ್ಚುತ್ತದೆ, ಏರಿಳಿತ 0.015ಕ್ಕೆ ಇಳಿಯುತ್ತದೆ. ಈಗ ಅರ್ಧ ಕೆಲ್ವಿನ್ ತಗ್ಗು ಬರಿಗಣ್ಣಿಗೆ ಕಾಣಬೇಕು. ಆದರೆ ನೆಲ ಹುಟ್ಟಿಸಿದ ತಗ್ಗು? ಅದು ಸಾವಿರ ತಾಸು ಕಾದರೂ ಅಲ್ಲೇ ಇರುತ್ತದೆ, ನಮ್ಮ ಥರ್ಮಾಮೀಟರಿನ ಒಂದೂವರೆ ಡಿಗ್ರಿಯ ಹಾಗೆ. ಅದಕ್ಕೆ ನೆಲವನ್ನೇ ಬದಲಿಸಬೇಕು.

ತೆಪ್ಪದ ಮೇಲೆ ಸಾರಸ್

ಬೆಂಗಳೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಇದೆ, ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ್ದು. ಅಲ್ಲಿನ ತಂಡ ಇದೇ ತಗ್ಗನ್ನು ಹುಡುಕಲು ಸಾರಸ್ ಎಂಬ ಉಪಕರಣಗಳನ್ನು ಒಂದರ ಮೇಲೊಂದು ಮಾಡುತ್ತ ಬಂದಿತ್ತು. ಸಾರಸ್ 2 ಅನ್ನು ಆಂಧ್ರದ ಅನಂತಪುರ ಭಾಗದ ಟಿಂಬಕ್ಟುವಿನಲ್ಲಿ ನೆಲದ ಮೇಲೆ ಇಟ್ಟಿದ್ದರು. ಮೂರನೆಯದಕ್ಕೆ ನೆಲವೇ ಬೇಡ ಎಂದು ತೀರ್ಮಾನಿಸಿದರು. 2020ರ ಜನವರಿಯಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಮಾರ್ಚ್‌ನಲ್ಲಿ ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ಆಂಟೆನಾವನ್ನು ತೇಲಿಬಿಟ್ಟರು.

ನೀರೇ ಯಾಕೆ? ಬೆಳಕಿಗೆ ನೀರಿನ ವಕ್ರೀಭವನ ಸೂಚ್ಯಂಕ 1.33 ಎಂದು ಪುಸ್ತಕದಲ್ಲಿ ಓದಿದ್ದೀರಿ. ಈ ರೇಡಿಯೋ ತರಂಗಕ್ಕೆ ಅದು ಸುಮಾರು 9! (ಇದನ್ನು ಪರೀಕ್ಷೆಯಲ್ಲಿ ಬರೆಯಬೇಡಿ, ಅಲ್ಲಿ 1.33 ಕೇಳುತ್ತಾರೆ.) ಹೀಗಾಗಿ ನೀರಿನ ಮೇಲ್ಮೈಯೇ ಹೆಚ್ಚಿನ ಪಾಲನ್ನು ವಾಪಸು ಕಳಿಸುತ್ತದೆ. ಮುಖ್ಯವಾದದ್ದು, ಕೆರೆಯ ನೀರಿನಲ್ಲಿ ಎರಿ, ಮೊರಂ ಎಂಬ ಪದರ ಇಲ್ಲ. ಇಲ್ಲಿ ಹೇಗೋ ನೂರು ಹೆಜ್ಜೆ ಆಚೆಗೂ ಹಾಗೇ. ನೀರು ತರಂಗವನ್ನು ಏನೂ ಮಾಡುವುದಿಲ್ಲ ಎಂದಲ್ಲ, ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ ಹೇಳಬಹುದು. ಪೆಂಜಿಯಾಸ್, ವಿಲ್ಸನ್ ಅವರ 0.9 ನೆನಪಿದೆಯಲ್ಲ, ಅದೇ ವಿಚಾರ.

ಆಂಟೆನಾ ನೋಡಲು ಬಹಳ ಸಾದಾ: ಲೋಹದ ಒಂದು ಶಂಕು, ಅದರ ಕೆಳಗೆ ದುಂಡನೆ ಲೋಹದ ತಟ್ಟೆ. ಇಂಥ ಆಕಾರ ಯಾಕಂದರೆ ಅದು ಎಲ್ಲ ಆವೃತ್ತಿಗಳಲ್ಲಿಯೂ ಆಕಾಶವನ್ನು ಹೆಚ್ಚು ಕಡಿಮೆ ಒಂದೇ ರೀತಿ ನೋಡಬೇಕು, ತಾನೇ ಹೊಸ ದಿನ್ನೆ ತಗ್ಗು ಹುಟ್ಟಿಸಬಾರದು. ಒಳಗೆ ಅದೇ ಡಿಕ್ ಸ್ವಿಚ್: ಒಮ್ಮೆ ಆಂಟೆನಾ, ಒಮ್ಮೆ ಗೊತ್ತಿರುವ ತಾಪದ ಸಾಧನ. ಅಲ್ಲಿಂದ ಸಂಕೇತ ಹೋಗುವುದು ತಾಮ್ರದ ತಂತಿಯಲ್ಲಿ ಅಲ್ಲ, ಆಪ್ಟಿಕಲ್ ಫೈಬರಿನಲ್ಲಿ. ತಾಮ್ರದ ತಂತಿ ತಾನೇ ಒಂದು ಆಂಟೆನಾ ಆಗಿಬಿಡುತ್ತದೆ.

ಜಾಗ ಹುಡುಕುವುದೂ ಒಂದು ಪರೀಕ್ಷೆಯೇ. ಸಾರಸ್ 3 ಅಳೆಯುವುದು 43.75ರಿಂದ 87.5 ಮೆಗಾಹರ್ಟ್ಸ್. ಅದು ಮುಗಿದಲ್ಲಿಂದಲೇ ಎಫ್ಎಂ ಪಟ್ಟಿ ಶುರು. ನಮ್ಮ ಪಕ್ಕದ ಝರಾಸಂಗಂ ಮಂಡಲದ ಮಾಚನೂರಿನಲ್ಲಿ 2008ರಲ್ಲಿ ಹೆಣ್ಣುಮಕ್ಕಳು ಶುರು ಮಾಡಿದ ಸಂಗಂ ರೇಡಿಯೋ ಗೊತ್ತಲ್ಲ? ಅದು 90.4. ಹೊಲದಲ್ಲಿ ಕೂತು ಅದನ್ನು ಕೇಳುವುದು ನಮಗೆ ಖುಷಿ, ಆದರೆ ಇಂಥ ಆಂಟೆನಾಕ್ಕೆ ಅಂಥ ಸ್ಟೇಷನ್ ಕಿವಿಯ ಹತ್ತಿರ ಡೊಳ್ಳು ಹೊಡೆದಂತೆ. "ನಮ್ಮ ಸಿಂಗೂರಿನ ಹಿನ್ನೀರಿಗೆ ಯಾಕ ಬರಲಿಲ್ರಿ ಅವರು?" ಎಂದು ಕೇಳಿದ ಹುಡುಗನಿಗೆ ನಾನು ಇದೇ ಹೇಳಿದೆ. ಸಂಗಂ ರೇಡಿಯೋ ಅಷ್ಟೇ ಅಲ್ಲ, ಇತ್ತ ಹೈದರಾಬಾದ್ ಕೂಡ ಬಹಳ ದೂರ ಇಲ್ಲ.

2022ರ ಫೆಬ್ರವರಿ ಕೊನೆಗೆ 'ನೇಚರ್ ಅಸ್ಟ್ರಾನಮಿ' ಪತ್ರಿಕೆಯಲ್ಲಿ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಎನ್. ಉದಯ ಶಂಕರ್ ಮತ್ತು ಜೊತೆಯವರ ಲೇಖನ ಬಂತು. ವಿಶ್ಲೇಷಣೆಗೆ ತೆಗೆದುಕೊಂಡದ್ದು 55ರಿಂದ 85 ಮೆಗಾಹರ್ಟ್ಸ್. 78ರ ನಡುವಿನ ಆ ಅರ್ಧ ಕೆಲ್ವಿನ್ ತಗ್ಗು ಅಲ್ಲಿ ಇರಲಿಲ್ಲ. ಆಸ್ಟ್ರೇಲಿಯಾದ ತಂಡ ಹೇಳಿದ ತಗ್ಗನ್ನು 95.3 ಶೇಕಡಾ ವಿಶ್ವಾಸದಿಂದ ತಿರಸ್ಕರಿಸುತ್ತೇವೆ ಎಂದು ಬರೆದರು.

ಈ 95.3 ಅನ್ನು ನೋಡಿ ಕೆಲವರು "ಅಂದ್ರ ನಮ್ಮವರು ಗೆದ್ರು" ಅಂದರು. ನನಗೆ ಅದು ಸರಿ ಕಾಣುವುದಿಲ್ಲ. ಸಾರಸ್ ತಂಡಕ್ಕೂ ಮೊದಲ ನಕ್ಷತ್ರಗಳ ನಿಜವಾದ ತಗ್ಗು ಸಿಕ್ಕಿಲ್ಲ. ಅದು 0.2 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ ಇರಬಹುದು, ಅಳೆಯಲು ಇನ್ನೂ ಕಷ್ಟ. ಕಣ ಭೌತಶಾಸ್ತ್ರದವರು ಹೊಸ ಕಣ ಸಿಕ್ಕಿತು ಎನ್ನಲು 95 ಶೇಕಡಾ ಬಹಳ ಕಡಿಮೆ ಎನ್ನುತ್ತಾರೆ. ಹಾಗಾಗಿ ಮೂರನೇ ಥರ್ಮಾಮೀಟರ್ ಬೇಕು. ರಾಮನ್ ಸಂಸ್ಥೆಯವರೇ ಪ್ರತುಷ್ ಎಂಬ ಉಪಗ್ರಹವನ್ನು ಚಂದ್ರನ ಸುತ್ತ ಕಳಿಸುವ ಪ್ರಸ್ತಾಪ ಇಟ್ಟಿದ್ದಾರೆ. ಚಂದ್ರನ ಹಿಂಬದಿಗೆ ಹೋದಾಗ ಭೂಮಿಯ ಯಾವ ಎಫ್ಎಂ ಸದ್ದೂ ತಲುಪುವುದಿಲ್ಲ. ಕೆಳಗೆ ನೆಲವೂ ಇಲ್ಲ, ನೀರೂ ಇಲ್ಲ.

ಮಾಡಿ ನೋಡ್ರಿ

ನಿಮ್ಮ ಶಾಲೆಯಲ್ಲಿರುವ ಎಲ್ಲ ಥರ್ಮಾಮೀಟರ್‌ಗಳನ್ನು ಒಂದೇ ಪಾತ್ರೆಯ ನೀರಿನಲ್ಲಿ ಇಡಿ. ಐದು ನಿಮಿಷ ಬಿಟ್ಟು ಓದಿ, ಬರೆದಿಡಿ. ಆಮೇಲೆ ಪ್ರತಿಯೊಂದನ್ನೂ ಕರಗುವ ಐಸಿನಲ್ಲಿ, ನಂತರ ನಿಮ್ಮ ಸರ್ ಅಥವಾ ಟೀಚರ್ ಎದುರಿಗೆ ಕುದಿಯುವ ನೀರಿನ ಹಬೆಯಲ್ಲಿ ಪರೀಕ್ಷಿಸಿ. ಐಸಿನಿಂದ ತೆಗೆದು ನೇರವಾಗಿ ಹಬೆಗೆ ಹಿಡಿಯಬೇಡಿ, ಗಾಜು ಒಡೆಯುತ್ತದೆ. ಒಂದು ಎಚ್ಚರಿಕೆ: ಹಬೆಯಲ್ಲಿ 100 ಬರಲಿಲ್ಲ ಎಂದು ಥರ್ಮಾಮೀಟರನ್ನು ಬೈಯಬೇಡಿ. ನಮ್ಮ ಭಾಗ ಸಮುದ್ರಮಟ್ಟಕ್ಕಿಂತ 500–600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಪ್ರತಿ ಥರ್ಮಾಮೀಟರಿಗೂ ಒಂದು ಚೀಟಿ ಕಟ್ಟಿ "ಇಷ್ಟು ಹೆಚ್ಚು" ಅಥವಾ "ಇಷ್ಟು ಕಡಿಮೆ" ಎಂದು ಬರೆಯಿರಿ. ಚೀಟಿ ಪ್ರಕಾರ ತಿದ್ದಿದ ಮೇಲೆ ಮೊದಲ ಪಾತ್ರೆಯ ಓದುಗಳು ಎಷ್ಟು ಹತ್ತಿರ ಬಂದವು?

ಎರಡನೆಯದು ಲೆಕ್ಕ. ಮಳೆ ಬಿದ್ದು ಮಣ್ಣು ನೆನೆದಾಗ ಅದರ ಸೂಚ್ಯಂಕ 2ರಿಂದ 4ಕ್ಕೆ ಏರಿತು ಎಂದುಕೊಳ್ಳಿ. ಬಂಡೆ ಅದೇ 4 ಮೀಟರ್ ಆಳದಲ್ಲಿದೆ. ಈಗ ಎಷ್ಟು ಮೆಗಾಹರ್ಟ್ಸ್‌ಗೆ ಒಂದು ತಗ್ಗು ಬೀಳುತ್ತದೆ? ಮಳೆಗೆ ಮೊದಲು ಮತ್ತು ಮಳೆಯ ನಂತರ ಅಳೆದು ಹೋಲಿಸಿದರೆ, ಸಿಕ್ಕ ತಗ್ಗು ಆಕಾಶದ್ದೋ ನೆಲದ್ದೋ ಎಂದು ಹ್ಯಾಂಗ ಗುರುತಿಸುತ್ತೀರಿ? ಎರಡು ಸಾಲಿನಲ್ಲಿ ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.